ಅಟ್ಟದ ಮೇಲಿನ ಪ್ಲೇಟು, ಕೈಯಲ್ಲಿ ಅಚ್ಚಾದ ಪುಸ್ತಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ರೆಕಾರ್ಡು, ಪ್ರಯೋಗದ ಸಂಗೀತ, ಕಲಾ ಪುಸ್ತಕ, ಇವುಗಳ ಸಂಗ್ರಹದ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗದ ಕಡೆಯಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ನಮ್ಮ ತಾತ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರರಾಗಿದ್ದರು. ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದಷ್ಟು ಭಾರದ ಕಪ್ಪು ಪ್ಲೇಟುಗಳು ಸಿಕ್ಕಿವೆ. ಧೂಳು, ಬೂಷ್ಟು ಎಲ್ಲ ಹಿಡಿದಿದೆ. ಸ್ಯಾನಿಟೈಸರ್ ಹಾಕಿ ಒರೆಸಿದರೆ ಹೋಗುತ್ತೆ ಅಂತ ತಮ್ಮ ಹೇಳುತ್ತಾನೆ. ಗುಜರಿಯವರು ಎಲ್ಲಾ ಸೇರಿಸಿ ಒಂದು ರೇಟು ಹೇಳಿದ್ದಾರೆ. ಏನು ಮಾಡಲಿ?
(ಓದುಗರು, ಹೊಳಲ್ಕೆರೆ)

ಉತ್ತರ: ಮೊದಲು ಆ ಸ್ಯಾನಿಟೈಸರ್ ಬಾಟಲಿ ದೂರ ಇಡಿ ಸರ್. ಭಾರ ಇದೆ, ಕಪ್ಪಗಿದೆ, ಕೈಜಾರಿ ಬಿದ್ದರೆ ಒಡೆದುಹೋಗುತ್ತದೆ ಅನ್ನುವಂಥ ಪ್ಲೇಟು ಅಂದರೆ ಅದು ಬಹುಶಃ ನಿಮಿಷಕ್ಕೆ 78 ಸುತ್ತು ತಿರುಗುವಂಥದ್ದು, ಅರಗಿನಿಂದ ಮಾಡಿದ್ದು. ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಸ್ಯಾನಿಟೈಸರ್‌ನಿಂದ ಒಂದು ಸಲ ಒರೆಸಿದರೆ ಸಾಕು, ಗೆರೆಗಳ ಜೊತೆ ಹಾಡೂ ಹೋಯಿತು. ಸ್ಪಿರಿಟ್ ಹಾಕಿ ತೊಳೆಯಿರಿ ಅಂತ ಇಂಟರ್‌ನೆಟ್‌ನಲ್ಲಿ ಬರುವ ಸಲಹೆ ಆಮೇಲೆ ಬಂದ, ಹೆಚ್ಚು ಹೊತ್ತು ನುಡಿಯುವ ಪ್ಲಾಸ್ಟಿಕ್ಕಿನ ವಿನೈಲ್ ಎಲ್‌ಪಿಗಳಿಗೆ. ಇವಕ್ಕಲ್ಲ.

ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಆಮೇಲೆ ಡಿಸ್ಟಿಲ್ಡ್ ವಾಟರ್‌ಗೆ ಒಂದೇ ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ, ಗೆರೆ ಹೋದ ದಿಕ್ಕಿನಲ್ಲೇ ಸುತ್ತಲೂ ಒರೆಸಿ. ಬರೀ ಡಿಸ್ಟಿಲ್ಡ್ ವಾಟರ್ ಅದ್ದಿದ ಇನ್ನೊಂದು ಬಟ್ಟೆಯಿಂದ ಮತ್ತೆ ಒರೆಸಿ ತಕ್ಷಣ ಒಣಗಿಸಿ. ನಡುವಿನ ಲೇಬಲ್‌ಗೆ ಮಾತ್ರ ನೀರು ತಾಕಬಾರದು, ಆ ಪ್ಲೇಟಿನ ಜಾತಕವೆಲ್ಲ ಅದರಲ್ಲೇ ಇರುತ್ತದೆ.

ಇನ್ನೊಂದು ಮಾತು, ಇದು ಬಹಳ ಜನರಿಗೆ ಗೊತ್ತಿಲ್ಲ. ಈಗ ಅಂಗಡಿಯಲ್ಲಿ ಸಿಗುವ ಹೊಸ ಟರ್ನ್‌ಟೇಬಲ್‌ನಲ್ಲಿ 78ರ ವೇಗ ಇದ್ದರೂ ಅದರ ಮುಳ್ಳು ಎಲ್‌ಪಿಗೆ ಮಾಡಿದ್ದಾಗಿರುತ್ತದೆ. 78ರ ಗೆರೆ ಎಲ್‌ಪಿ ಗೆರೆಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಅಗಲ. ಸಣ್ಣ ಮುಳ್ಳು ಗೆರೆಯ ತಳಕ್ಕೆ ಬಿದ್ದು ಅಲ್ಲಿನ ಕಸವನ್ನೇ ಕೆರೆಯುತ್ತಾ ಹೋಗುತ್ತದೆ, ನಿಮಗೆ ಕೇಳಿಸೋದು ಹಾಡಿಗಿಂತ ಬರಬರ ಸದ್ದೇ ಜಾಸ್ತಿ. 78ಕ್ಕೆ ಅಂತಲೇ ಬೇರೆ ಮುಳ್ಳು ಸಿಗುತ್ತದೆ, ಅದನ್ನು ತರಿಸಿಕೊಳ್ಳಿ. ಮನೆಯಲ್ಲಿ ಕೀಲಿ ಕೊಡುವ ಹಳೆಯ ಗ್ರಾಮಫೋನ್ ಇದ್ದರೆ ಅದರ ಉಕ್ಕಿನ ಮುಳ್ಳು ಒಂದು ಮುಖಕ್ಕೆ ಒಂದೇ. ಪ್ಲೇಟು ತಿರುವಿದಾಗಲೆಲ್ಲ ಮುಳ್ಳು ಬದಲಿಸಲೇಬೇಕು, ಸವೆದ ಮುಳ್ಳು ಗೆರೆಯನ್ನೇ ಕಿತ್ತು ಹಾಕುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ನೋಟ್‌ಬುಕ್ ತಗೊಳ್ಳಿ. ಲೇಬಲ್ ಮೇಲಿನ ಹೆಸರು, ನಂಬರು, ಭಾಷೆ, ರಾಗ, ಏನಿದೆಯೋ ಅದನ್ನೆಲ್ಲ ಇದ್ದ ಹಾಗೇ ಬರೆದುಕೊಳ್ಳಿ. ಲೇಬಲ್ ಮತ್ತು ಕೊನೆಯ ಗೆರೆಯ ನಡುವೆ ನುಣುಪಾದ ಜಾಗ ಇರುತ್ತಲ್ಲ, ಪ್ಲೇಟನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಅಲ್ಲಿ ಒತ್ತಿದ ಅಥವಾ ಗೀಚಿದ ಅಕ್ಷರ, ಅಂಕಿ ಕಾಣುತ್ತವೆ. ಅದನ್ನೂ ಬರೆಯಿರಿ. ಹೆಸರು ಗುರುತಿಲ್ಲದ್ದು ಅಂತ ಯಾವುದನ್ನೂ ಬದಿಗಿಡಬೇಡಿ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳ ಮೇಲೆ ಇದ್ದದ್ದು ಗಾಂಧಾರಿ ಹಾನಗಲ್ ಅಂತ. ಗೊತ್ತಿಲ್ಲದವರು ಅದನ್ನು ಯಾರೋ ಏನೋ ಅಂತ ಪಕ್ಕಕ್ಕೆ ಸರಿಸಿಬಿಡುತ್ತಾರೆ.

ಹಾಡು ಮುಗಿಯುವಾಗ ಹಾಡಿದವರು ತಮ್ಮ ಹೆಸರನ್ನು ತಾವೇ ಹೇಳಿದರೆ ಕಿವಿ ನಿಮಿರಬೇಕು. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿದಾಗ ಮುದ್ರಿಕೆಗಳನ್ನು ಜರ್ಮನಿಯ ಹ್ಯಾನೋವರ್‌ಗೆ ಕಳಿಸಿ ಅಲ್ಲಿ ಪ್ಲೇಟು ಒತ್ತಿಸುತ್ತಿದ್ದರು. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡು ಅಂತ ತಿಳಿಯಲಿ ಅಂತಲೇ ಆಕೆ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಹೆಸರು ಹೇಳುತ್ತಿದ್ದರು. ಹೆಸರು ಹೇಳುವ ಪ್ಲೇಟು ಅಂದರೆ ತೀರಾ ಹಳೆಯ ಕಾಲದ್ದು ಇರಬಹುದು ಅಂತ ಲೆಕ್ಕ. ಆ ಗೌಹರ್ ಜಾನ್ ಕೊನೆಗೆ ಬಂದು ಸೇರಿದ್ದು ನಮ್ಮ ಮೈಸೂರಿಗೇ. 1928ರಲ್ಲಿ ಅರಮನೆ ವಿದುಷಿಯಾಗಿ ಬಂದರು, 1930ರಲ್ಲಿ ಅಲ್ಲೇ ತೀರಿಕೊಂಡರು.

ಗುಜರಿಗೆ ದಯವಿಟ್ಟು ಕೊಡಬೇಡಿ. ನಾಟಕದ ಹಾಡುಗಳ ಪ್ಲೇಟಿನಲ್ಲಿ ಹಾಡಿದವರ ಹೆಸರು ಇರುತ್ತದೆ, ಪೇಟಿ ನುಡಿಸಿದವರ ಹೆಸರು ಇರೋದು ಅಪರೂಪ. ನಿಮ್ಮ ತಾತನೇ ಅದರಲ್ಲಿ ನುಡಿಸಿರಬಹುದು, ಅದನ್ನು ಹೇಳಬಲ್ಲವರು ಮನೆಯ ಹಿರಿಯರು ಮಾತ್ರ. ಅವರನ್ನು ಕೂರಿಸಿ, ಒಂದೊಂದೇ ಪ್ಲೇಟು ಕೇಳಿಸಿ, ಅವರು ಹೇಳಿದ್ದನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಇದನ್ನು ಮುಂದೆ ಹಾಕಬೇಡಿ. ನಮ್ಮ ಕಡೆ ಇಷ್ಟೊಂದು ನಾಟಕ ಕಂಪನಿಗಳು ತಿರುಗಾಡಿದವು, ಚಿಂದೋಡಿ ಲೀಲಾ ಅವರಂಥವರು ಬಾಳಿದ ಊರು ದಾವಣಗೆರೆ, ಆದರೂ ಆ ಸಂಗೀತದಲ್ಲಿ ಇವತ್ತು ಕೇಳಲಿಕ್ಕೆ ಸಿಗೋದು ಬಹಳ ಕಡಿಮೆ. ಅಂಥದ್ದರಲ್ಲಿ ನಿಮ್ಮ ಟ್ರಂಕು ದೊಡ್ಡ ಆಸ್ತಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಹಾಡು ಬರೆದವರ ಹಕ್ಕು ಬೇರೆ, ಅದು ಅವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತದೆ. ಎಲ್ಲರಿಗೂ ಕೇಳಿಸುವ ಮುಂಚೆ ಎರಡನ್ನೂ ನೋಡಿಕೊಳ್ಳಿ.

ಪ್ರಶ್ನೆ: ಇಂಜಿನಿಯರಿಂಗ್ ಓದುವ ಮಗ ಎರಡು ಮೂರು ಸಾವಿರ ಕೊಟ್ಟು ಏನೇನೋ ರೆಕಾರ್ಡು ತರಿಸುತ್ತಾನೆ. ಹಾಕಿದರೆ ಬರೀ ಗುಂಯ್ ಅನ್ನೋದು, ಕಿರ್ರ್ ಅನ್ನೋದು, ಹಾಡೂ ಇಲ್ಲ, ತಾಳವೂ ಇಲ್ಲ. ಬೈಯಲಿಕ್ಕೂ ಮನಸ್ಸಿಲ್ಲ. ಇದು ನಿಜಕ್ಕೂ ಸಂಗೀತವಾ?
(ತಾಯಿ, ವಿದ್ಯಾನಗರ, ದಾವಣಗೆರೆ)

ಉತ್ತರ: ಹೌದಮ್ಮ, ಸಂಗೀತವೇ. ಬೈಯದೇ ಇದ್ದದ್ದು ಒಳ್ಳೆಯದಾಯಿತು.

ರೆಕಾರ್ಡಿನ ಮುಳ್ಳು ಒಂದು ಗೆರೆಯಲ್ಲೇ ಸಿಕ್ಕಿಹಾಕಿಕೊಂಡು ಅದೇ ತುಣುಕನ್ನು ಮತ್ತೆ ಮತ್ತೆ ನುಡಿಸೋದನ್ನು ನೀವೂ ಕೇಳಿರುತ್ತೀರಿ. ನಮಗೆ ಅದು ಕಿರಿಕಿರಿ, ಎದ್ದು ಹೋಗಿ ಮುಳ್ಳು ಎತ್ತುತ್ತೇವೆ. ಪ್ಯಾರಿಸ್ಸಿನ ರೇಡಿಯೋದಲ್ಲಿದ್ದ ಪಿಯೆರ್ ಶೆಫರ್ ಅನ್ನುವವರು ಅದನ್ನು ಬೇಕಂತಲೇ ಮಾಡಿದರು. 1948ರಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗಿ ಇಂಜಿನ್ನಿನ ಸದ್ದು, ಸೀಟಿ, ಗಾಲಿಗಳ ಗಡಗಡ ಎಲ್ಲ ಮುದ್ರಿಸಿಕೊಂಡು ಬಂದು, ಗೆರೆಗಳನ್ನು ಹೀಗೆ ಸುತ್ತುವಂತೆ ಮಾಡಿ, ವೇಗ ಹೆಚ್ಚುಕಡಿಮೆ ಮಾಡಿ, ಒಂದು ರಚನೆ ಕಟ್ಟಿದರು. ಒಂದೇ ಸದ್ದನ್ನು ಹತ್ತು ಸಲ ಕೇಳಿದ ಮೇಲೆ ಅದು ರೈಲು ಅನ್ನೋದು ಮರೆತು ಬರೀ ಸದ್ದಾಗಿ ಕೇಳಿಸತೊಡಗುತ್ತದೆ. ನಿಮ್ಮ ಮಗ ಕೇಳುವುದರ ಬೇರು ಇಲ್ಲೂ ಇದೆ.

ಇದು ಪರದೇಶದ ಹುಚ್ಚು ಅಂತಲೂ ಅಂದುಕೊಳ್ಳಬೇಡಿ. ಈ ಥರದ ಸಂಗೀತದಲ್ಲಿ ದೊಡ್ಡ ಹೆಸರಾದ ಅಮೆರಿಕದ ಜಾನ್ ಕೇಜ್ ಅವರಿಗೆ 1946ರ ಹೊತ್ತಿಗೆ ಭಾರತದ ಸಂಗೀತ ಹೇಳಿಕೊಟ್ಟವರು ಅಹಮದಾಬಾದಿನ ಗೀತಾ ಸಾರಾಭಾಯಿ. ಮನಸ್ಸನ್ನು ಶಾಂತ ಮಾಡುವುದೇ ಸಂಗೀತದ ಕೆಲಸ ಅನ್ನುವ ಮಾತು ಕೇಜ್‌ಗೆ ಸಿಕ್ಕಿದ್ದು ಆಕೆಯಿಂದ. 1969ರಲ್ಲಿ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ಮೂಗ್ ಸಿಂಥಸೈಜರ್ ಅನ್ನುವ, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ ಇಟ್ಟು ಸ್ಟುಡಿಯೋ ಮಾಡಿದರು, ಗೀತಾ ಅವರೂ ಇನ್ನೂ ಕೆಲವರೂ ಅಲ್ಲಿ ಕೂತು ಎಲೆಕ್ಟ್ರಾನಿಕ್ ಸಂಗೀತ ಕಟ್ಟಿದರು. ಆ ಟೇಪುಗಳು ಎಷ್ಟೋ ದಶಕ ಸುಮ್ನೆ ಬಿದ್ದಿದ್ದು 2023ರಲ್ಲಿ ರೆಕಾರ್ಡಾಗಿ ಹೊರಬಂದವು. ಮಗನ ಹುಟ್ಟುಹಬ್ಬಕ್ಕೆ ಕೊಡಲು ಇದಕ್ಕಿಂತ ಒಳ್ಳೆಯದು ನನಗೆ ಹೊಳೆಯುತ್ತಿಲ್ಲ.

ನಮ್ಮೂರಿನದ್ದೇ ಒಂದು ಮಾತು ಹೇಳುತ್ತೇನೆ. ದಾವಣಗೆರೆ ಕಾಟನ್ ಮಿಲ್ಲುಗಳ ಊರು. ಸೈರನ್ನು, ನೂಲುವ ಯಂತ್ರ, ಮಗ್ಗದ ಸದ್ದು, ಪಾಳಿ ಬಿಟ್ಟಾಗ ಸೈಕಲ್ಲುಗಳ ಗದ್ದಲ, ಮೂರು ಪಾಳಿಯ ಊರಿನ ಸದ್ದೇ ಬೇರೆ ಇತ್ತು. ಬಹುತೇಕ ಮಿಲ್ಲುಗಳು ಮುಚ್ಚಿಹೋದವು, ಸದ್ದೂ ಹೋಯಿತು. ಯಾರಾದರೂ ಅದನ್ನು ಟೇಪಿನಲ್ಲಿ ಹಿಡಿದಿಟ್ಟಿದ್ದರೆ ನಾನು ಎಷ್ಟು ದುಡ್ಡಾದರೂ ಕೊಟ್ಟು ತಗೊಳ್ಳುತ್ತೇನೆ. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಮಿಲ್ಲಿನಲ್ಲಿ ದುಡಿದವರಿದ್ದರೆ ಮಗನನ್ನು ಅವರ ಹತ್ತಿರ ಕಳಿಸಿ, ಆ ಸದ್ದು ಹೇಗಿತ್ತು ಅಂತ ಕೇಳಿಸಿಕೊಂಡು ಬರಲಿ. ನೀವೂ ಒಂದು ಸಂಜೆ ಅವನ ಪಕ್ಕ ಕೂತು ಒಂದು ಮುಖ ಪೂರ್ತಿ ಕೇಳಿ, ಇಪ್ಪತ್ತು ನಿಮಿಷದ ಮಾತು. ಇಷ್ಟವಾಗದಿದ್ದರೆ ಇಲ್ಲ ಅನ್ನಿ, ಆದರೆ ಕೇಳಿ ಅನ್ನಿ.

ಪ್ರಶ್ನೆ: ನಮ್ಮ ದುರ್ಗದ ಸಂಬಂಧ ಇರುವ ಇಂಥ ಪ್ರಯೋಗದ ಸಂಗೀತ ಏನಾದರೂ ಇದೆಯಾ?
(ಓದುಗರು, ಚಿತ್ರದುರ್ಗ)

ಉತ್ತರ: 1975ರ ‘ಹಂಸಗೀತೆ’ ಸಿನಿಮಾದಿಂದ ಶುರು ಮಾಡಿ. ತ.ರಾ.ಸು. ಅವರ ಕಾದಂಬರಿ, ದುರ್ಗದ ಸಂಗೀತಗಾರನ ಕಥೆ, ಸಂಗೀತ ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತ. ಅಲ್ಲಿಂದ ಕಾರಂತರ ರಂಗಸಂಗೀತಕ್ಕೆ ಹೋಗಿ. ವಾದ್ಯ ಅಂತ ಯಾರೂ ಕರೆಯದ ವಸ್ತುಗಳಿಂದಲೂ ಸದ್ದು ಹೊರಡಿಸಿ ನಾಟಕ ಕಟ್ಟಿದವರು ಅವರು. ನಮ್ಮಲ್ಲಿ ಪ್ರಯೋಗ ಅಂದರೆ ನನಗೆ ಮೊದಲು ನೆನಪಾಗುವುದು ಅವರೇ.

ಪ್ರಶ್ನೆ: ಚರಣ್‌ಜಿತ್ ಸಿಂಗ್ ಅವರ ರಾಗ ಮತ್ತು ಡಿಸ್ಕೋ ಸೇರಿಸಿದ ಹಳೆಯ ರೆಕಾರ್ಡು ಒರಿಜಿನಲ್ ಇದೆ ಅಂತ ಆನ್‌ಲೈನ್‌ನಲ್ಲಿ ಒಬ್ಬರು ಭಾರೀ ರೇಟು ಹೇಳುತ್ತಿದ್ದಾರೆ. ತಗೊಳ್ಳಲಾ?
(ಓದುಗರು, ಹರಿಹರ)

ಉತ್ತರ: ಕೇಳುವ ಆಸೆ ಇದ್ದರೆ ಬೇಡ. ಬಾಂಬೆ ಸಿನಿಮಾ ಸಂಗೀತದಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ 1982ರಲ್ಲಿ ಆಗಷ್ಟೇ ಬಂದಿದ್ದ ರೋಲ್ಯಾಂಡ್ ಕಂಪನಿಯ ಎಲೆಕ್ಟ್ರಾನಿಕ್ ವಾದ್ಯಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಮಾಡಿದರು. ಆಗ ಅದನ್ನು ಕೇಳಿದವರು ಕಡಿಮೆ. ಆಮೇಲೆ ಅಮೆರಿಕ, ಯುರೋಪಿನಲ್ಲಿ ಆಸಿಡ್ ಹೌಸ್ ಅನ್ನುವ ಕುಣಿತದ ಎಲೆಕ್ಟ್ರಾನಿಕ್ ಸಂಗೀತ ಬಂದಾಗ ಅದೇ ಯಂತ್ರಗಳು, ಅದೇ ಬಗೆಯ ಸದ್ದು. 2010ರಲ್ಲಿ ಮರುಮುದ್ರಣ ಬಂದ ಮೇಲೆ ಜಗತ್ತೆಲ್ಲ ಬೆರಗಾಯಿತು, ಒರಿಜಿನಲ್ ರೇಟು ಏರಿತು. ನಿಮಗೆ ಮರುಮುದ್ರಣ ಸಾಕು, ಅದರಲ್ಲೂ ಇರೋದು ಅದೇ ಹತ್ತು ರಾಗ.

ಒರಿಜಿನಲ್ಲೇ ಬೇಕು ಅಂತಿದ್ದರೆ ಮುಖಪುಟದ ಫೋಟೋ ನಂಬಬೇಡಿ. ಲೇಬಲ್ ಫೋಟೋ, ಲೇಬಲ್ ಸುತ್ತಲಿನ ನುಣುಪು ಜಾಗದ ಅಂಕಿಗಳ ಫೋಟೋ, ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ತೆಗೆದ ಎರಡೂ ಮುಖದ ಫೋಟೋ ಕೇಳಿ. ಅಂಕಿಗಳನ್ನು ರೆಕಾರ್ಡುಗಳ ವಿವರ ಇರುವ ವೆಬ್‌ಸೈಟ್ ಡಿಸ್ಕಾಗ್ಸ್‌ನಲ್ಲಿ ಹೋಲಿಸಿ. ಫೋಟೋ ಕಳಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಟ್ಟುಬಿಡಿ.

ಅಪರೂಪ ಅಂದರೆ ದುಬಾರಿ ಅನ್ನುವ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಜಯಚಾಮರಾಜ ಒಡೆಯರ್ ದೊಡ್ಡ ರೆಕಾರ್ಡು ಸಂಗ್ರಾಹಕರು. ಅವರಿಗೆ ನಿಕೊಲಾಯ್ ಮೆಟ್ನರ್ ಅನ್ನುವ ರಷ್ಯನ್ ಸಂಗೀತಗಾರರ ರಚನೆಗಳೆಂದರೆ ಪ್ರಾಣ, ಆದರೆ ರೆಕಾರ್ಡುಗಳೇ ಸಾಕಷ್ಟು ಇರಲಿಲ್ಲ. ಆಗ ಮೆಟ್ನರ್ ಲಂಡನ್ನಿನಲ್ಲಿದ್ದರು, ವಯಸ್ಸಾಗಿತ್ತು, ಕಾಯಿಲೆಯೂ ಇತ್ತು. ಒಡೆಯರ್ ಹಣ ಕೊಟ್ಟು ಅವರ ಕೈಯಲ್ಲೇ ಪಿಯಾನೋ ನುಡಿಸಿ ರೆಕಾರ್ಡ್ ಮಾಡಿಸಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೊವನ್ನು (ಪಿಯಾನೋ ಮತ್ತು ವಾದ್ಯವೃಂದಕ್ಕೆ ಮಾಡಿದ ರಚನೆ) ಅವರಿಗೇ ಅರ್ಪಿಸಿದರು. ಮೆಟ್ನರ್ 1951ರಲ್ಲಿ ತೀರಿಕೊಂಡರು. ಮೈಸೂರಿನ ಆ ಹಣ ಇಲ್ಲದಿದ್ದರೆ ಅವರ ನುಡಿಸಾಣಿಕೆ ಅಷ್ಟೊಂದು ನಮಗೆ ಉಳಿಯುತ್ತಿರಲಿಲ್ಲ.

ಪ್ರಶ್ನೆ: ನಾನು ದಾವಣಗೆರೆಯ ದೃಶ್ಯಕಲಾ ಕಾಲೇಜಿನ ವಿದ್ಯಾರ್ಥಿನಿ. ಕಲಾವಿದರೇ ಮಾಡುವ ಪುಸ್ತಕಗಳನ್ನು ಸಂಗ್ರಹಿಸುವ ಆಸೆ. ಆದರೆ ಕೈಯಲ್ಲಿ ದುಡ್ಡಿಲ್ಲ.
(ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ತಂಗಿ, ಈ ಸಂಗ್ರಹಕ್ಕೆ ದುಡ್ಡಿಗಿಂತ ಗೆಳೆಯರು ಮುಖ್ಯ. ಕಲಾವಿದರ ಕೃತಿಗಳ ಫೋಟೋ ಇರುವ ದಪ್ಪ ಪುಸ್ತಕ ಬೇರೆ, ಪುಸ್ತಕವೇ ಕೃತಿಯಾಗಿರುವುದು ಬೇರೆ, ನೀನು ಕೇಳುತ್ತಿರೋದು ಎರಡನೆಯದ್ದು. ಅಮೆರಿಕದ ಎಡ್ ರುಶೇ 1963ರಲ್ಲಿ ಇಪ್ಪತ್ತಾರು ಪೆಟ್ರೋಲ್ ಬಂಕುಗಳ ಫೋಟೋ ಹಾಕಿ ತೆಳ್ಳಗಿನ ಪುಸ್ತಕ ಮಾಡಿ ಮೂರು ಡಾಲರಿಗೆ ಮಾರಿದರು. ಮೊದಲ ಮುದ್ರಣ 400 ಪ್ರತಿ. ಅಗ್ಗವಾಗಿರಲಿ, ಎಲ್ಲರ ಕೈಗೂ ಸಿಗಲಿ ಅನ್ನೋದೇ ಆಸೆಯಾಗಿತ್ತು. ಹತ್ತಿರದಲ್ಲಿ ನೋಡಬೇಕೆಂದರೆ ಚೆನ್ನೈನ ತಾರಾ ಬುಕ್ಸ್ ಇದೆ. ಅವರ ಕೆಲವು ಪುಸ್ತಕಗಳ ಪುಟಗಳೆಲ್ಲ ಕೈಯಿಂದ ಮಾಡಿದ ಕಾಗದದ ಮೇಲೆ ಕೈಯಿಂದಲೇ ಸ್ಕ್ರೀನ್ ಪ್ರಿಂಟ್ ಆದವು, ಪ್ರತಿಯೊಂದಕ್ಕೂ ನಂಬರು ಇರುತ್ತದೆ. ಗೊಂಡ ಬುಡಕಟ್ಟಿನ ಕಲಾವಿದರ ಮರಗಳ ಪುಸ್ತಕ ಒಂದಿದೆ, ಕಪ್ಪು ಕಾಗದದ ಮೇಲೆ ಬಣ್ಣ ಕೂತಿರುತ್ತದೆ. ಪುಟದ ಮೇಲೆ ಬೆರಳಾಡಿಸಿದರೆ ಬಣ್ಣದ ದಪ್ಪ ತಾಕುತ್ತದೆ, ಮೂಗಿನ ಹತ್ತಿರ ಹಿಡಿದರೆ ಇಂಕಿನ ವಾಸನೆ. ನೀವು ಐದಾರು ಜನ ದುಡ್ಡು ಹಾಕಿ ಒಂದು ತರಿಸಿ, ಸುತ್ತ ಕೂತು ನೋಡಿ.

ಆಮೇಲೆ ನೀವೇ ಮಾಡಿ. ಲಗ್ನಪತ್ರಿಕೆ ಮಾಡುವ ಸ್ಕ್ರೀನ್ ಪ್ರಿಂಟಿಂಗ್‌ನವರು ಊರಿನಲ್ಲಿ ಇದ್ದಾರೆ, ಮದುವೆ ಸೀಸನ್ ಇಲ್ಲದಾಗ ಹೋಗಿ ಮಾತಾಡು. ಕತ್ತರಿಸಿ ಉಳಿದ ಕಾಗದ ಕೇಳಿದರೆ ಕೊಡುತ್ತಾರೆ. ಇಪ್ಪತ್ತೈದು ಪ್ರತಿ ಮಾಡಿ, ನಂಬರು ಹಾಕಿ ಸಹಿ ಮಾಡಿ, ಕ್ಲಾಸಿನವರ ಪುಸ್ತಕಗಳ ಜೊತೆ ಅದಲುಬದಲು ಮಾಡಿಕೋ. ಓದು ಮುಗಿಯುವಷ್ಟರಲ್ಲಿ ಬೇರೆಲ್ಲೂ ಇಲ್ಲದ ಸಂಗ್ರಹ ನಿನ್ನ ಹತ್ತಿರ ಇರುತ್ತದೆ. ಕರ್ನಾಟಕ ಲಲಿತಕಲಾ ಅಕಾಡೆಮಿ ನಮ್ಮ ಕಲಾವಿದರ ಬಗ್ಗೆ ಹೊರತಂದ ಹಳೆಯ ಪುಸ್ತಕಗಳು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಕಂಡರೆ ಬಿಡಬೇಡ, ಜನ ಅವನ್ನು ಇನ್ನೂ ಹುಡುಕಲು ಶುರು ಮಾಡಿಲ್ಲ.

ಪ್ರಶ್ನೆ: ನಮ್ಮ ಕಡೆ ಬೇಸಿಗೆಯಲ್ಲಿ ಇವನ್ನೆಲ್ಲ ಹೇಗೆ ಇಡೋದು?
(ಓದುಗರು, ಚಳ್ಳಕೆರೆ)

ಉತ್ತರ: ಎಲ್‌ಪಿಗಳನ್ನು ಪುಸ್ತಕದ ಹಾಗೆ ನೇರ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಿದರೆ ಸೊಟ್ಟಗಾಗುತ್ತವೆ. ಶೀಟಿನ ಮನೆಯಾದರೆ ಅಟ್ಟದ ಮೇಲೆ ಬೇಡವೇ ಬೇಡ, ಬಿಸಿಲಿಗೆ ನಿಂತ ಕಾರಿನಲ್ಲಿ ಐದು ನಿಮಿಷ ಕೂಡ ಬಿಡಬೇಡಿ. ಕಪಾಟು ಗೋಡೆಗೆ ತಾಗದ ಹಾಗೆ ಇರಲಿ, ಗೆದ್ದಲು ಗೋಡೆಯಿಂದಲೇ ಬರೋದು. ಹರಿದ ಪುಟಕ್ಕೆ ಸೆಲೋಟೇಪ್ ಹಚ್ಚಬೇಡಿ, ಅದು ಹಳದಿಯಾಗಿ ಕಾಗದವನ್ನೂ ತಿನ್ನುತ್ತದೆ. ಬೇವಿನ ಎಲೆ ಇಡುವ ರೂಢಿ ಇದ್ದರೆ ಒಣಗಿಸಿ ಬಟ್ಟೆಯಲ್ಲಿ ಕಟ್ಟಿ ಕಪಾಟಿನ ಮೂಲೆಯಲ್ಲಿಡಿ, ಪುಟಗಳ ನಡುವೆ ಇಟ್ಟರೆ ಕಲೆ ಬೀಳುತ್ತದೆ. ಆಗಾಗ ಎಲ್ಲವನ್ನೂ ಹೊರಗೆ ತೆಗೆದು ಕೇಳಿ, ತಿರುವಿ ನೋಡಿ. ಹುಳ ಬಿದ್ದಿದ್ದರೆ ಆಗಲೇ ಗೊತ್ತಾಗೋದು.