ಲಕ್ಕಿ ಸೊಪ್ಪಿನ ಗುಣ: ಪರೀಕ್ಷೆ ಹೇಗೆ?

ಪ್ರಶ್ನೆ: ಮಂಡಿ ಊದಿದಾಗ ಲಕ್ಕಿ ಸೊಪ್ಪನ್ನು ಬಿಸಿ ಮಾಡಿ ಕಟ್ಟುವುದು ನಮ್ಮ ಮನೆಯ ರೂಢಿ. ಅದಕ್ಕೆ ಉರಿಯೂತ ತಗ್ಗಿಸುವ ಗುಣವಿದೆಯೆಂದು ಪ್ರಯೋಗಾಲಯದಲ್ಲಿ ಸಾಬೀತಾಗಿದೆ ಎಂದು ಓದಿದೆ. ಇದನ್ನು ಹೇಗೆ ಪರೀಕ್ಷಿಸುತ್ತಾರೆ? ಕಷಾಯವನ್ನು ದಿನವೂ ಕುಡಿಯಬಹುದೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಇಂತಹ ವರದಿಗಳ ಹಿಂದೆ ಬಹುಪಾಲು ಇರುವುದು 1962ರಲ್ಲಿ ವಿಂಟರ್ ಎಂಬ ಸಂಶೋಧಕರು ಮತ್ತು ಸಂಗಡಿಗರು ವಿವರಿಸಿದ ಇಲಿಯ ಪಾದದ ಪರೀಕ್ಷೆ. ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ನೀರಿನಲ್ಲೋ ಆಲ್ಕೋಹಾಲಿನಲ್ಲೋ ಸಾರ ತೆಗೆದು ಇಲಿಗಳಿಗೆ ಕುಡಿಸುತ್ತಾರೆ. ಸ್ವಲ್ಪ ಹೊತ್ತಿನ ಬಳಿಕ, ಕೆಂಪು ಕಡಲಪಾಚಿಯಿಂದ ದೊರೆಯುವ ಕ್ಯಾರಜೀನನ್‌ನ ಶೇ 1ರ ದ್ರಾವಣವನ್ನು 0.1 ಮಿ.ಲೀ.ನಷ್ಟು ಹಿಂಗಾಲಿನ ಪಾದಕ್ಕೆ ಚುಚ್ಚಿದಾಗ ಪಾದ ಊದಿಕೊಳ್ಳುತ್ತದೆ. ಕಾಲಿನ ಗಿಣ್ಣಿನ ಬಳಿ ಶಾಯಿಯ ಗೆರೆ ಎಳೆದು, ಗಂಟೆಗೊಮ್ಮೆ ಆ ಗೆರೆಯವರೆಗೆ ಪಾದವನ್ನು ದ್ರವದಲ್ಲಿ ಅದ್ದಿ, ಅದು ಎಷ್ಟು ದ್ರವವನ್ನು ಪಕ್ಕಕ್ಕೆ ಸರಿಸಿತು ಎಂಬುದರಿಂದ ಊತವನ್ನು ಅಳೆಯುತ್ತಾರೆ. ಗೆರೆ ತುಸು ಮೇಲೆ ಕೆಳಗಾದರೂ ಲೆಕ್ಕ ತಪ್ಪುತ್ತದೆ. ಏನೂ ಔಷಧ ಪಡೆಯದ ಇಲಿಗಳು ಮತ್ತು ಇಂಡೊಮೆಥಸಿನ್‌ನಂತಹ ಉರಿಯೂತ ತಗ್ಗಿಸುವ ಮಾತ್ರೆ ಪಡೆದ ಇಲಿಗಳೊಡನೆ ಹೋಲಿಸಿದಾಗ ಮಾತ್ರ ಅಳತೆಗೆ ಅರ್ಥ ಬರುತ್ತದೆ.

ಇಲ್ಲಿ ಗಮನಿಸಬೇಕಾದದ್ದೆಂದರೆ, ಸಾರವನ್ನು ಊತ ಬರುವ ಮೊದಲೇ ಕೊಟ್ಟಿರುತ್ತಾರೆ ಮತ್ತು ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ವರ್ಷಗಟ್ಟಲೆ ಸವೆದ ಮಂಡಿಯ ಸ್ಥಿತಿ ಬೇರೆ. ದೀರ್ಘಕಾಲದ ಉರಿಯೂತಕ್ಕೆಂದೇ, ಚರ್ಮದಡಿ ಹತ್ತಿಯ ಉಂಡೆ ಇಟ್ಟು, ಅದರ ಸುತ್ತ ಬೆಳೆದ ಅಂಗಾಂಶವನ್ನು ಸುಮಾರು ಒಂದು ವಾರದ ನಂತರ ತೂಗುವ ಪರೀಕ್ಷೆಯೊಂದಿದೆ. ಮೊಟ್ಟೆಯ ಬಿಳಿಯ ಪ್ರೋಟೀನನ್ನು ಗಿಡದ ಸಾರದೊಡನೆ ಕಾಯಿಸಿ, ಪ್ರೋಟೀನು ಕೆಡುವುದನ್ನು ಸಾರ ತಡೆಯಿತೆಂದು ತೋರಿಸುವ ಅಗ್ಗದ ಪರೀಕ್ಷೆಯನ್ನಷ್ಟೇ ನಂಬಿ ‘ಸಾಬೀತಾಗಿದೆ’ ಎಂದು ಬರೆಯುವವರೂ ಇದ್ದಾರೆ; ಅದು ಸುಳಿವಷ್ಟೇ, ಪುರಾವೆಯಲ್ಲ.

ಇನ್ನು, ಕುಡಿದದ್ದೆಲ್ಲ ರಕ್ತ ಸೇರುತ್ತದೆಂದು ಭಾವಿಸುವಂತಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಿಸಿನದಲ್ಲಿರುವ ಕರ್ಕ್ಯುಮಿನ್ ಅನ್ನು 2 ಗ್ರಾಂ ಸೇವಿಸಿದವರ ರಕ್ತದಲ್ಲಿ ಅದು ಅತ್ಯಲ್ಪವಾಗಿ ಅಥವಾ ಪತ್ತೆಯೇ ಆಗದಷ್ಟು ಕಡಿಮೆ ಕಂಡಿತ್ತು. ಕಾಳುಮೆಣಸಿನ 20 ಮಿ.ಗ್ರಾಂ ಪೈಪರಿನ್ ಸೇರಿಸಿದಾಗ ರಕ್ತಕ್ಕೆ ಅದರ ಲಭ್ಯತೆ ಶೇ 2000ರಷ್ಟು ಹೆಚ್ಚಿತು.

ಹಾಗಾಗಿ ಇಲಿಗೆ ಕುಡಿಸಿದ ಸಾರದ ಫಲಿತಾಂಶವನ್ನು ನೆಚ್ಚಿಕೊಂಡು, ಪ್ರಮಾಣ ಗೊತ್ತಿಲ್ಲದ ಕಷಾಯವನ್ನು ನಿತ್ಯ ಕುಡಿಯುವುದನ್ನು ನಾನು ಒಪ್ಪಲಾರೆ. ಹದವಾದ ಬಿಸಿಯ ಸೊಪ್ಪನ್ನು ಗಾಯವಿಲ್ಲದ ಚರ್ಮಕ್ಕೆ ಕಟ್ಟಿಕೊಳ್ಳಲು ಅಡ್ಡಿಯಿಲ್ಲ, ಆದರೆ ಮಂಡಿ ಕೆಂಪಾಗಿ ಜ್ವರವೂ ಇದ್ದರೆ ಅಂದೇ ವೈದ್ಯರಿಗೆ ತೋರಿಸಿ.