ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆ ಆದಮೇಲೆ ಮೂತ್ರ ಸೋರುತ್ತಿದೆ. ಇದು ಸರಿಹೋಗುತ್ತಾ?

ಆಪರೇಷನ್ ಆಗಿದ್ದರೆ ಬಹುತೇಕರಿಗೆ ಕಡಿಮೆಯಾಗುತ್ತದೆ, ಆದರೆ ನಿಧಾನ. 6ರಿಂದ 12 ತಿಂಗಳು ಹಿಡಿಯಬಹುದು. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ತೆಗೆದ ಮೇಲೆ ಮೂತ್ರ ತಡೆಯುವ ಭಾರವೆಲ್ಲ ಅದರ ಕೆಳಗಿನ ಸ್ನಾಯುವಿನ ಮೇಲೆ ಬೀಳುತ್ತದೆ. ಅದಕ್ಕೇ ಕೆಮ್ಮಿದಾಗ, ಕುರ್ಚಿಯಿಂದ ಎದ್ದಾಗ ಸೋರುವುದು.

ಆ ಸ್ನಾಯು ಗಟ್ಟಿಯಾಗಲು ಕೆಗೆಲ್ ವ್ಯಾಯಾಮ ಮಾಡಿ. ಗ್ಯಾಸ್ ಹೋಗದಂತೆ ತಡೆಯುತ್ತೀರಲ್ಲ, ಹಾಗೆ ಒಳಗೆ ಬಿಗಿಹಿಡಿಯಿರಿ. 5 ಸೆಕೆಂಡ್ ಬಿಗಿ, ಅಷ್ಟೇ ಹೊತ್ತು ಸಡಿಲ. ಒಮ್ಮೆಗೆ 10 ಸಲ, ದಿನಕ್ಕೆ 3 ಹೊತ್ತು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಮೂತ್ರ ಮಾಡುವಾಗ ಮಾತ್ರ ಈ ಅಭ್ಯಾಸ ಬೇಡ.

ಸೋರುತ್ತದೆಂದು ನೀರು ಕುಡಿಯುವುದನ್ನೇ ಬಿಡಬೇಡಿ. ಗಾಢವಾದ ಮೂತ್ರ ಮೂತ್ರಕೋಶವನ್ನು ಇನ್ನೂ ಕೆರಳಿಸುತ್ತದೆ. ಕಾಫಿ, ಮದ್ಯ ಕಡಿಮೆ ಮಾಡಿ ನೋಡಿ.

ರೇಡಿಯೇಷನ್ ಕಥೆ ಬೇರೆ. ಅಲ್ಲಿ ಉರಿ, ಅವಸರ ಜಾಸ್ತಿ. ವರ್ಷಗಳ ನಂತರವೂ ಮೂತ್ರದಲ್ಲಿ ರಕ್ತ ಬರಬಹುದು, ಕಂಡರೆ ಡಾಕ್ಟರಿಗೆ ತೋರಿಸಲೇಬೇಕು. ಯಾವುದೇ ಚಿಕಿತ್ಸೆ ಆಗಿರಲಿ, ಧಾರೆ ತೆಳ್ಳಗಾಗುತ್ತಾ ಬಂದರೆ ಮೂತ್ರದ ದಾರಿ ಕಿರಿದಾಗಿರಬಹುದು. ಪೂರ್ತಿ ಕಟ್ಟಿಕೊಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ವರ್ಷವಾದರೂ ಪ್ಯಾಡ್ ಬಿಡಲಾಗದಿದ್ದರೆ ಸ್ಲಿಂಗ್ (ಮೂತ್ರನಾಳಕ್ಕೆ ಆಸರೆ ಕೊಡುವ ಪಟ್ಟಿ) ಅಥವಾ ಕೃತಕ ಸ್ಫಿಂಕ್ಟರ್ (ಮೂತ್ರನಾಳವನ್ನು ಬಿಗಿಹಿಡಿಯುವ ಸಾಧನ) ಹಾಕುವ ಆಪರೇಷನ್ ಇದೆ. ನಾಚಿಕೆಯಿಂದ ಸುಮ್ನೆ ಇರಬೇಡಿ, ಯುರಾಲಜಿಸ್ಟ್ (ಮೂತ್ರರೋಗ ತಜ್ಞರು) ಹತ್ತಿರ ನೀವಾಗಿಯೇ ಕೇಳಿ.