ರಜೆಯಲ್ಲಿ ಪಥ್ಯಕ್ಕೂ ರಜೆಯಾ? ಒಂದು ಆಪ್ತಸಲಹೆ ಪ್ರಕರಣ

ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ.

ಗಂಡ ಹೆಂಡತಿ ಒಟ್ಟಿಗೇ ಬಂದಿದ್ದರು. ಕೂತ ತಕ್ಷಣ ಹೆಂಡತಿ ಹೇಳಿದ್ದು: "ಮೇಡಂ, ಇವರ ಜೊತೆ ನಾನು ಇನ್ಮೇಲೆ ಯಾವ ಬೀಚಿಗೂ ಹೋಗಲ್ಲ." ಗಂಡ ನಕ್ಕರು. ಆ ನಗುವಿಗೆ ಹೆಂಡತಿಯ ಮುಖ ಇನ್ನಷ್ಟು ಬಿಗಿಯಾಯಿತು.

ಗಂಡನಿಗೆ ನಲವತ್ತರ ಆಸುಪಾಸು. ತುಂಬ ದಿನಗಳಿಂದ ಸುಸ್ತು, ರಕ್ತಹೀನತೆ. ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ಹಿಮೋಗ್ಲೋಬಿನ್ ಮೇಲೇಳುತ್ತಿರಲಿಲ್ಲ. ಕೊನೆಗೆ ರಕ್ತಪರೀಕ್ಷೆ, ಎಂಡೋಸ್ಕೋಪಿ, ಬಯಾಪ್ಸಿ ಎಲ್ಲ ಆಗಿ ಸೀಲಿಯಾಕ್ ಕಾಯಿಲೆ ಎಂದು ಗೊತ್ತಾಯಿತು. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇರುತ್ತದೆ. ಅದು ಹೊಟ್ಟೆಗೆ ಹೋದರೆ ಇಂಥವರ ದೇಹದ ರಕ್ಷಣಾ ವ್ಯವಸ್ಥೆ ತಮ್ಮದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ, ಅಲ್ಲಿ ಆಹಾರವನ್ನು ಹೀರಿಕೊಳ್ಳುವ ಎಳೆಗಳು ಸವೆದುಹೋಗುತ್ತವೆ. ಕಬ್ಬಿಣ ಹೀರಿಕೊಳ್ಳುವುದು ಕೂಡ ಸಣ್ಣ ಕರುಳಿನ ಶುರುವಿನ ಭಾಗದಲ್ಲೇ. ಅದಕ್ಕೇ ಆ ಮಾತ್ರೆಗಳು ಕೆಲಸ ಮಾಡಿರಲಿಲ್ಲ. ಇದಕ್ಕೆ ಪಥ್ಯ ಬಿಟ್ಟು ಬೇರೆ ಚಿಕಿತ್ಸೆ ಇಲ್ಲ, ಮತ್ತು ಆ ಪಥ್ಯ ಜೀವನಪೂರ್ತಿ.

ಈ ಮನುಷ್ಯನ ಕಷ್ಟ ಏನೆಂದರೆ ಅವರಿಗೆ ಕಷ್ಟವೇ ಆಗುವುದಿಲ್ಲ. ಕೆಲವರಿಗೆ ಒಂದು ಬಿಸ್ಕೆಟ್ ತಿಂದರೂ ವಾಂತಿ, ಭೇದಿ, ಎರಡು ದಿನ ಹಾಸಿಗೆ. ಇವರು ಬ್ರೆಡ್ ತಿಂದರೂ ಹೊಟ್ಟೆ ಗೊಣಗುವುದಿಲ್ಲ. ಪಥ್ಯ ಮುರಿದರೆ ತಕ್ಷಣ ಶಿಕ್ಷೆ ಇಲ್ಲ ಎಂದಮೇಲೆ ಮನಸ್ಸು ಲೆಕ್ಕ ಹಾಕಲು ಶುರು ಮಾಡುತ್ತದೆ, ಅಲ್ವಾ?

ಹಿಂದಿನ ರಜೆಯಲ್ಲಿ ಆದದ್ದು ಇಷ್ಟು. ಸಮುದ್ರ ತೀರದ ಒಂದು ರೆಸಾರ್ಟ್, ತೆಂಗಿನ ಮರಗಳು, ಸೆಕೆ, ಒಂದು ವಾರ. ಹೆಂಡತಿ ಪ್ರತಿ ಊಟಕ್ಕೂ ಅಡುಗೆಮನೆ ಬಾಗಿಲಲ್ಲಿ ನಿಂತು ಒಂದೊಂದು ಪಾತ್ರೆಯ ಬಗ್ಗೆ ವಿಚಾರಿಸಿದರು. ಗಂಡ ತಟ್ಟೆ ಹಿಡಿದು ಸ್ವಲ್ಪ ದೂರದಲ್ಲಿ, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ನಿಂತಿರುತ್ತಿದ್ದರು. ಹೊರಡುವ ದಿನ ರೂಮಿನ ಬಿಲ್ ಬಂತು. ಅದರಲ್ಲಿ ಬೀಚ್ ಬಾರಿನ ಬಿಯರ್ ಇತ್ತು, ಹಿಟ್ಟಿನಲ್ಲಿ ಅದ್ದಿ ಕರಿದ ಮೀನು ಇತ್ತು, ಅದೂ ಒಂದು ದಿನದ್ದಲ್ಲ. ಹೆಂಡತಿ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಇವರು ಅಲ್ಲಿಗೆ ಹೋಗುತ್ತಿದ್ದರಂತೆ.

"ನಾನು ಇವರ ಹೊಟ್ಟೆ ಕಾಯ್ತಾ ಊರವರ ಹತ್ರ ಬೇಡ್ಕೋತಿದ್ದೆ, ಇವರು ಕದ್ದು ತಿಂತಿದ್ರು" ಎಂದರು ಹೆಂಡತಿ. ಗಂಡ ಕೊಟ್ಟ ಉತ್ತರ: "ವರ್ಷವಿಡೀ ಕಟ್ಟುನಿಟ್ಟಾಗಿ ಇರ್ತೀನಿ. ಒಂದು ವಾರ ತಾನೆ? ವಾಪಸ್ ಬಂದು ರಕ್ತ ಪರೀಕ್ಷೆ ಮಾಡಿಸಿದೆ, ನಾರ್ಮಲ್ ಬಂತು."

ಈಗ ಇನ್ನೊಂದು ಬೀಚ್ ರಜೆಗೆ ಟಿಕೆಟ್ ಆಗಿತ್ತು. ಜಗಳ ಇದ್ದದ್ದು ಅದರ ಮೇಲೆ.

ನಾನು ಆಹಾರ ತಜ್ಞೆಯಲ್ಲ. ಹಾಗಾಗಿ ಮುಂದಿನ ಭೇಟಿಗೆ ಆಹಾರ ತಜ್ಞರೊಬ್ಬರನ್ನೂ ಕೂರಿಸಿಕೊಂಡೆ. ಗಂಡನ "ಒಂದು ವಾರ ತಾನೆ" ಎಂಬ ಮಾತಿಗೆ ಹೆಂಡತಿಯ ಬಾಯಿಂದ ಉತ್ತರ ಬಂದರೆ ಅದು ಜಗಳ ಆಗುತ್ತದೆ, ತಜ್ಞರಿಂದ ಬಂದರೆ ಮಾಹಿತಿ ಆಗುತ್ತದೆ. ಅವರು ಹೇಳಿದ್ದರಲ್ಲಿ ಎರಡು ವಿಷಯ ಗಂಡನಿಗೆ ನಾಟಿದವು. ಮೊದಲನೆಯದು ಪ್ರಮಾಣ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೋದರೂ ಕರುಳಿಗೆ ಹಾನಿ ಆಗುವುದು ಕಂಡಿತ್ತು. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರಿಗೆ ತೊಂದರೆ ಇಲ್ಲ ಎಂದು ತಿಳಿಯಲಾಗಿದೆ. ಒಂದು ಬ್ರೆಡ್ ಹೋಳಿನಲ್ಲಿ ಇರುವುದು ಗ್ರಾಂ ಲೆಕ್ಕದಲ್ಲಿ! ಗ್ಲುಟೆನ್ ರಹಿತ ಎಂಬ ಲೇಬಲ್ಲಿಗೆ ಅಂತಾರಾಷ್ಟ್ರೀಯ ಮಿತಿ ಒಂದು ಕಿಲೋಗೆ 20 ಮಿಲಿಗ್ರಾಂ. ಇಷ್ಟು ಸಣ್ಣ ಲೆಕ್ಕದ ಮುಂದೆ ಬಾರಿನ ಒಂದು ತಟ್ಟೆ ಕರಿದ ಮೀನು ದೊಡ್ಡ ಸಂಗತಿಯೇ.

ಎರಡನೆಯದು ಆ ನಾರ್ಮಲ್ ರಿಪೋರ್ಟು. ಅವರು ಮಾಡಿಸಿದ್ದು ಪ್ರತಿಕಾಯಗಳ, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ರಕ್ತಕ್ಕೆ ಬಿಡುವ ಆ್ಯಂಟಿಬಾಡಿಗಳ ಪರೀಕ್ಷೆ. ಆ ಪರೀಕ್ಷೆಗೆ ಸಣ್ಣಪುಟ್ಟ ತಪ್ಪುಗಳು ಎಷ್ಟೋ ಸಲ ಕಾಣುವುದೇ ಇಲ್ಲ. ರಿಪೋರ್ಟು ಸರಿಯಿದೆ ಎಂದಮಾತ್ರಕ್ಕೆ ಕರುಳು ಸರಿಯಿದೆ ಎಂದು ಹೇಳಲಾಗದು. ಗಂಡ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದನ್ನ ಯಾರೂ ಹೇಳಿರ್ಲಿಲ್ಲ" ಎಂದರು. ಹೆಂಡತಿ ಏನೋ ಹೇಳಲು ಹೊರಟರು. ನಾನು ಕಣ್ಸನ್ನೆಯಲ್ಲೇ ತಡೆದೆ.

ಆಹಾರ ತಜ್ಞರು ಒಂದು ಹಳೇ ಕಥೆಯನ್ನೂ ಹೇಳಿದರು. 1924ರಲ್ಲಿ ಸಿಡ್ನಿ ಹಾಸ್ ಎಂಬ ಅಮೆರಿಕದ ಮಕ್ಕಳ ವೈದ್ಯರು ಈ ಕಾಯಿಲೆಯ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟು ಗುಣ ಕಂಡಿದ್ದರಂತೆ. ಬಾಳೆಹಣ್ಣೇ ಔಷಧಿ ಎಂದು ಎಲ್ಲರೂ ನಂಬಿದರು. ನಿಜಕ್ಕೂ ಗುಣ ಕೊಟ್ಟಿದ್ದು ಆ ಪಥ್ಯದಲ್ಲಿ ಬ್ರೆಡ್ ಇರಲಿಲ್ಲ ಎನ್ನುವುದು. ತಪ್ಪಿತಸ್ಥ ಗೋಧಿ ಎಂದು ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ವೈದ್ಯ ವಿಲ್ಲೆಮ್ ಡಿಕೆ, ಅದೂ ಎರಡನೇ ಮಹಾಯುದ್ಧದ ನಂತರ. ಗಂಡನಿಗೆ ಈ ಕಥೆ ತುಂಬ ಹಿಡಿಸಿತು. ಬಾಳೆಹಣ್ಣಂತೂ ಬೀಚಿನಲ್ಲಿ ಬೇಕಾದಷ್ಟು ಸಿಗುತ್ತದೆ ಎಂದರು. ಅವರು ಆ ರಜೆಯ ಊಟದ ಬಗ್ಗೆ ತಾವಾಗಿಯೇ ಆಡಿದ ಮೊದಲ ಮಾತು ಅದು.

ಇನ್ನು ನನ್ನ ಕೆಲಸ. ನನಗೆ ಕಂಡದ್ದು ಹೀಗೆ: ಈ ಮನೆಯಲ್ಲಿ ಪಥ್ಯ ಗಂಡನದಾಗಿ ಉಳಿದಿರಲಿಲ್ಲ, ಹೆಂಡತಿಯದಾಗಿ ಹೋಗಿತ್ತು. ಸಾಮಾನು ತರುವವರು ಅವರು, ಲೇಬಲ್ ಓದುವವರು ಅವರು, ಹೋಟೆಲಿನಲ್ಲಿ ಕೇಳುವವರೂ ಅವರೇ. ಗಂಡನಿಗೆ ಉಳಿದಿದ್ದು ತಿನ್ನುವುದು, ಇಲ್ಲವೇ ಕದ್ದು ತಿನ್ನುವುದು. ಹೆಂಡತಿ ವಾರ್ಡನ್, ಗಂಡ ಹಾಸ್ಟೆಲ್ ಹುಡುಗ. ಇಬ್ಬರಿಗೂ ಈ ಪಾತ್ರ ಇಷ್ಟವಿರಲಿಲ್ಲ, ಆದರೂ ಪ್ರತಿ ಊಟಕ್ಕೂ ಅದನ್ನೇ ಆಡುತ್ತಿದ್ದರು.

ಹಾಗಾದರೆ ಕೇಳಲು ನಿಮಗೇನು ಕಷ್ಟ ಎಂದು ಗಂಡನನ್ನು ಕೇಳಿದೆ. ಬಹಳ ಹೊತ್ತು ಸುತ್ತಿ ಬಳಸಿ ಕೊನೆಗೆ ಹೇಳಿದರು: "ನಾಚಿಕೆ ಮೇಡಂ. ಎಲ್ಲರ ಎದುರು ರೋಗಿ ಥರ ಕೇಳ್ಬೇಕು. ವೇಟರ್ ಒಂಥರಾ ನೋಡ್ತಾನೆ, ಫ್ಯಾಷನ್ನಿಗೆ ಬಿಟ್ಟಿದಾನೆ ಅಂದ್ಕೋತಾನೆ." ಇದು ಸುಳ್ಳು ನೆಪ ಅಲ್ಲ. ಕಾಯಿಲೆ ಇಲ್ಲದೆ ಸುಮ್ನೆ ಗ್ಲುಟೆನ್ ಬಿಟ್ಟವರು ಎಷ್ಟೋ ಜನ ಇರುವುದರಿಂದ ಅಡುಗೆಮನೆಗಳು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವುದು ನಿಜವೇ. ಹೆಂಡತಿಗೆ ಈ ನಾಚಿಕೆಯ ವಿಷಯ ಗೊತ್ತೇ ಇರಲಿಲ್ಲ. ಇವರಿಗೆ ಬೇಕಾಗಿಲ್ಲ, ಅಷ್ಟೇ ಎಂದುಕೊಂಡಿದ್ದರು.

ನನ್ನ ಸಲಹೆಯ ಮುಖ್ಯ ಭಾಗ ಇದು. ಈ ರಜೆಯಲ್ಲಿ ಹೆಂಡತಿ ಗಂಡನ ಊಟದ ಬಗ್ಗೆ ಯಾರನ್ನೂ ಏನನ್ನೂ ಕೇಳಬಾರದು. ತಟ್ಟೆ ನೋಡಿ ಹುಬ್ಬು ಏರಿಸುವುದೂ ಬೇಡ. ಗಂಡ ತಾವೇ ಕೇಳಬೇಕು, ಮತ್ತು ತಪ್ಪಿ ತಿಂದರೆ, ಬೇಕೆಂದೇ ತಿಂದರೂ ಸರಿ, ಅದೇ ದಿನ ಹೆಂಡತಿಗೆ ಹೇಳಬೇಕು. ಹೇಳಿದಾಗ ಹೆಂಡತಿ ಪಾಠ ಮಾಡುವಂತಿಲ್ಲ. ಹೆಂಡತಿಗೆ ಇದು ತುಂಬ ಕಷ್ಟದ ಕೆಲಸ ಎಂದು ನನಗೆ ಗೊತ್ತಿತ್ತು. "ಇವರು ತಿಂದೇ ತಿಂತಾರೆ" ಎಂದರು. ತಿನ್ನಬಹುದು. ನೀವು ಕಾವಲು ಕಾಯುತ್ತಿದ್ದಾಗಲೂ ತಿಂದಿದ್ದಾರಲ್ಲ ಎಂದೆ.

ನಾಚಿಕೆ ಕಡಿಮೆ ಮಾಡಲು ದಾರಿ ಸುಲಭವಾಗಿಯೇ ಸಿಕ್ಕಿತು: ಎಲ್ಲರ ಎದುರು ಕೇಳಬೇಡಿ. ಊಟದ ಹೊತ್ತು ಬಿಟ್ಟು, ಮಧ್ಯಾಹ್ನದ ನಂತರ ಅಡುಗೆಮನೆ ಖಾಲಿ ಇರುವಾಗ ಹೋಗಿ ಮುಖ್ಯ ಬಾಣಸಿಗರನ್ನೇ ಮಾತಾಡಿಸಿ, ಮಾರನೇ ದಿನದ ಊಟ ಕೂಡ ಆಗಲೇ ಹೇಳಿಬಿಡಿ. "ಇದರಲ್ಲಿ ಗ್ಲುಟೆನ್ ಇಲ್ಲ ಅಲ್ವಾ?" ಎಂದು ಕೇಳಿದರೆ ಗೊತ್ತಿಲ್ಲದವರು ಕೂಡ ಇಲ್ಲ ಎಂದೇ ಹೇಳುತ್ತಾರೆ. ಅದರ ಬದಲು ಮೀನಿಗೆ ಏನೇನು ಹಚ್ಚಿದ್ದೀರಿ, ಸಾರು ಗಟ್ಟಿ ಮಾಡಲು ಏನು ಹಾಕಿದ್ದೀರಿ, ಈ ಎಣ್ಣೆಯಲ್ಲಿ ಬೇರೆ ಏನು ಕರಿಯುತ್ತೀರಿ ಎಂದು ಕೇಳಬೇಕು. ಬೇರೆ ಭಾಷೆಯ ಜಾಗವಾದರೆ ಇದನ್ನೆಲ್ಲ ಅಲ್ಲಿನ ಭಾಷೆಯಲ್ಲಿ ಬರೆದ ಒಂದು ಚೀಟಿ ಜೇಬಿನಲ್ಲಿರಲಿ. "ಗೋಧಿ, ಮೈದಾ, ರವೆ, ಬಾರ್ಲಿ, ಸೋಯಾ ಸಾಸ್" ಎಂದು ಪದಾರ್ಥಗಳ ಹೆಸರು ಹಾಕಿಸಿ. ಗ್ಲುಟೆನ್ ಎಂಬ ಪದ ಕೇಳದವರಿಗೂ ಮೈದಾ ಗೊತ್ತಿರುತ್ತದೆ.

ಉಷ್ಣವಲಯದ ತೀರ ಈ ಪಥ್ಯದವರಿಗೆ ನಿಜವಾಗಿ ಒಳ್ಳೆಯ ಜಾಗ. ಅನ್ನ, ಮೀನು, ಸಿಗಡಿ, ತೆಂಗಿನಕಾಯಿ ಹಾಲು, ಮರಗೆಣಸು, ಸಿಹಿಗೆಣಸು, ಜೋಳ, ಮೊಟ್ಟೆ, ಹಣ್ಣು, ಎಳನೀರು, ಇದ್ಯಾವುದರಲ್ಲೂ ಗ್ಲುಟೆನ್ ಇಲ್ಲ. ತೊಂದರೆ ಬರುವುದು ಇವುಗಳ ಮೇಲೆ ಸುರಿಯುವುದರಿಂದ, ಪಕ್ಕದಲ್ಲಿ ಇಡುವುದರಿಂದ. ಸಾಮಾನ್ಯ ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆ, ಸುಡುವ ಮೀನನ್ನು ಅದರಲ್ಲೇ ನೆನೆಸಿಟ್ಟಿರಬಹುದು. ಏಡಿ ಮಾಂಸ ಎಂದು ಕೊಡುವ ಕೆಂಪು ಬಿಳಿ ಕಡ್ಡಿಗಳು ಎಷ್ಟೋ ಸಲ ಮೀನಿನ ಹಿಟ್ಟಿಗೆ ಗೋಧಿ ಪಿಷ್ಟ ಸೇರಿಸಿ ಮಾಡಿದ್ದು. ಆಲೂಗಡ್ಡೆ ಫ್ರೈಗೆ ಸ್ವತಃ ದೋಷವಿಲ್ಲ, ಆದರೆ ಹಿಟ್ಟು ಹಚ್ಚಿದ ಮೀನು ಕರಿದ ಎಣ್ಣೆಯಲ್ಲೇ ಅದನ್ನೂ ಕರಿದಿರುತ್ತಾರೆ. ಕರಿದರೆ, ಕುದಿಸಿದರೆ ಗ್ಲುಟೆನ್ ಹೋಗುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಹೋಗುವುದಿಲ್ಲ, ಅದು ರೋಗಾಣು ಅಲ್ಲ. ಅದೇ ಕಾರಣಕ್ಕೆ ಬೀಚಿನಲ್ಲಿ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ತಿನ್ನಲು ಕೂತರೆ ಪ್ರಯೋಜನವಿಲ್ಲ. ಸೋಪು ನೀರಿನಲ್ಲೇ ತೊಳೆಯಬೇಕು.

ಬಫೆ ಇದ್ದರೆ ಬಾಗಿಲು ತೆರೆದ ತಕ್ಷಣ ಹೋಗಿ. ಆಮೇಲೆ ಒಂದು ಪಾತ್ರೆಯ ಸೌಟು ಇನ್ನೊಂದರಲ್ಲಿ ಮುಳುಗಿರುತ್ತದೆ, ಬೆಣ್ಣೆಯಲ್ಲಿ ಬ್ರೆಡ್ಡಿನ ಪುಡಿ ಇರುತ್ತದೆ. ಬನ್ ಬಿಸಿ ಮಾಡುವ ಗ್ರಿಲ್ ಮೇಲೆ ನಿಮ್ಮ ಮೀನೂ ಸುಡುವುದಾದರೆ ಫಾಯಿಲ್‌ನಲ್ಲಿ ಸುತ್ತಿ ಸುಡಲು ಹೇಳಿ. ಐಸ್‌ಕ್ರೀಮ್ ಕಪ್ಪಿನಲ್ಲಿ ತಗೊಳ್ಳಿ, ಆದರೆ ಕೋನಿಗೆ ತಾಗಿದ ಚಮಚದಿಂದ ಬೇಡ. ಬಿಯರಿನ ಬಗ್ಗೆ ಗಂಡ ಆಸೆಯಿಂದ ಕೇಳಿದರು. ಬಾರ್ಲಿ, ಹಾಗಾಗಿ ಆಗದು. ವೈನ್ ಆಗುತ್ತದೆ, ಕಬ್ಬಿನಿಂದ ಮಾಡಿದ ರಮ್ ಆಗುತ್ತದೆ ಎಂದು ತಜ್ಞರು ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಇಷ್ಟೆಲ್ಲ ಗೊತ್ತಿದ್ದರೂ ಪಥ್ಯ ಮುರಿಯುವುದು ಹಸಿವಿನಲ್ಲಿ. ಅವರ ಹಿಂದಿನ ರಜೆಯ ದಿನಗಳನ್ನು ಒಂದೊಂದಾಗಿ ಕೆದಕಿದಾಗ ಇದೇ ಕಂಡಿತು: ಬೆಳಿಗ್ಗೆ ಬಫೆಯಲ್ಲಿ ಹೆಂಡತಿಯ ವಿಚಾರಣೆ ಮುಗಿಯುವ ಹೊತ್ತಿಗೆ ಎರಡು ಹಣ್ಣಿನ ಹೋಳು ತಿಂದು ಎದ್ದುಬಿಡುತ್ತಿದ್ದರು, ಆಮೇಲೆ ಗಂಟೆಗಟ್ಟಲೆ ನೀರಿನಲ್ಲಿ ಈಜು, ಮಧ್ಯಾಹ್ನ ಕರಿದ ಮೀನಿನ ವಾಸನೆ. ಆ ಹೊತ್ತಿನಲ್ಲಿ ಯಾರ ಸಂಕಲ್ಪವೂ ನಿಲ್ಲುವುದಿಲ್ಲ. ಹಾಗಾಗಿ ಬೆಳಿಗ್ಗೆ ಹೊಟ್ಟೆ ತುಂಬ ಮೊಟ್ಟೆ, ಅನ್ನ, ಬಾಳೆಹಣ್ಣು. ಬೀಚಿಗೆ ಹೋಗುವ ಚೀಲದಲ್ಲಿ ಕಡಲೆಬೀಜ, ಗ್ಲುಟೆನ್ ರಹಿತ ಲೇಬಲ್ ಇರುವ ಬಿಸ್ಕೆಟ್. ಅನ್ನ ಕಟ್ಟಿಸಿಕೊಂಡು ಹೋಗೋಣ ಎಂದು ಹೆಂಡತಿ ಹೇಳಿದ್ದಕ್ಕೆ ತಜ್ಞರು ಬೇಡ ಎಂದರು. 32 ಡಿಗ್ರಿ ದಾಟಿದ ಸೆಕೆಯಲ್ಲಿ ಬೇಯಿಸಿದ ಆಹಾರ ಹೊರಗಿಟ್ಟರೆ ಒಂದು ಗಂಟೆಯೊಳಗೆ ತಿಂದು ಮುಗಿಸಬೇಕು. ವಿಮಾನದ ಗ್ಲುಟೆನ್ ರಹಿತ ಊಟಕ್ಕೆ ಮುಂಚೆಯೇ ಹೇಳಬೇಕು. ವಾಪಸ್ ಬರುವ ವಿಮಾನಕ್ಕೂ ಹೇಳಿದೆಯೇ ಎಂದು ನೋಡಿಕೊಳ್ಳಿ, ಅದನ್ನೇ ಜನ ಮರೆಯುವುದು.

ರಜೆ ಮುಗಿಸಿ ಇಬ್ಬರೂ ಬಂದರು. ಒಂದು ರಾತ್ರಿ ಬಾಣಸಿಗರು ಬದಲಾಗಿ, ಹೇಳಿದ್ದ ಮೀನು ಸೋಯಾ ಸಾಸ್ ಹಚ್ಚಿಕೊಂಡೇ ಬಂತಂತೆ. ಗಂಡ ಒಂದು ತುತ್ತು ತಿಂದ ಮೇಲೆ ಅನುಮಾನ ಬಂದು ಎದ್ದುಹೋಗಿ ಕೇಳಿದರು, ತಟ್ಟೆ ವಾಪಸ್ ಕೊಟ್ಟರು, ಅನ್ನ ಮೊಟ್ಟೆ ತಿಂದರು. ಹೆಂಡತಿ ಬಾಯಿ ಬಿಡಲಿಲ್ಲ. "ನಾಲಿಗೆ ಕಚ್ಚಿಕೊಂಡು ಕೂತಿದ್ದೆ ಮೇಡಂ" ಎಂದರು. ಇನ್ನೊಂದು ದಿನ ಬಿಯರ್ ಕುಡಿದಿದ್ದೇನೆ ಎಂದು ಗಂಡ ಅದೇ ಸಂಜೆ ಹೇಳಿದರಂತೆ, ಹೆಂಡತಿ ಒಂದು ಗಂಟೆ ಮಾತು ಬಿಟ್ಟರಂತೆ. ಪಾಠ ಮಾಡಬೇಡಿ ಎಂದಿದ್ದೆ, ಮುನಿಸಿಕೊಳ್ಳಬೇಡಿ ಎಂದಿರಲಿಲ್ಲವಲ್ಲ. ನನ್ನ ಲೆಕ್ಕದಲ್ಲಿ ಇದು ಹಿಂದಿನ ಸಲಕ್ಕಿಂತ ಎಷ್ಟೋ ಮೇಲು. ಕದ್ದು ಕುಡಿದದ್ದಲ್ಲ ಎಂಬುದು ಹೆಂಡತಿಗೂ ಗೊತ್ತು.

ಈಗ ಉಳಿದಿರುವುದು ಮಗಳ ವಿಷಯ. ಅಪ್ಪ ಅಥವಾ ಅಮ್ಮನಿಗೆ ಸೀಲಿಯಾಕ್ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದು. ಬೀಚಿನಲ್ಲಿ ಎಲ್ಲರೂ ಒಂದೇ ಊಟ ತಿಂದದ್ದು ಸಲೀಸಾಯಿತು, ಮಗಳಿಗೂ ಈಗಲೇ ಗೋಧಿ ಬಿಡಿಸಿಬಿಡೋಣ ಎಂದು ಹೆಂಡತಿ ಹೊರಟಿದ್ದರು. ಬೇಡ ಎಂದೆವು. ಗ್ಲುಟೆನ್ ತಿನ್ನುತ್ತಿರುವಾಗಲೇ ರಕ್ತಪರೀಕ್ಷೆ ಮಾಡಿಸಬೇಕು, ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು. ವೈದ್ಯರ ಭೇಟಿಗೆ ದಿನ ಗೊತ್ತುಮಾಡಿದ್ದಾರೆ. ಮಗಳನ್ನು ಕರೆದುಕೊಂಡು ಹೋಗುವವರು ಗಂಡ.